ಸ್ವಂತ ವಾಕ್ಯದಲ್ಲಿ ಬಳಸಿ

ತಮ್ಮನ ತಿಥಿ ಮುಗಿದ ಮಾರನೆಯ ದಿನವೇ ಗಂಗಾಲಕ್ಷ್ಮಿ ಸ್ಕೂಲಿಗೆ ಹೊರಟಿದ್ದು ವಕ್ಕಲೇರಿಯ ಕೆಲವರಿಗೆ ಸರಿಬರಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ವೆಂಕಟನನ್ನು ಎತ್ತಿ ಆಡಿಸಿದವಳು, ಓದಿಸಲು ಹೆಣಗಿದವಳು, ತನ್ನ ಮದುವೆಯ ಮಾತನ್ನು ಪಕ್ಕಕ್ಕಿಟ್ಟು ಅವನಿಗೆ ಹೆಣ್ಣು ಹುಡುಕಿದವಳು ಅವಳೇ. ಅಂಥವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕೋಲಾರದ ಬಸ್ಸಿಗೆ ನಿಂತಿದ್ದಾಳಲ್ಲ ಎಂದು ಡೇರಿಯ ಮುಂದೆ ಹಾಲು ಹಾಕಲು ಸಾಲುಗಟ್ಟಿದವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಪಕ್ಕದ ಮನೆಯವರು ಎಷ್ಟು ಅಳಬೇಕು ಎಂದು ತೀರ್ಮಾನಿಸುವ ಕೆಲಸವನ್ನು ನಮ್ಮ ಕಡೆಯ ಜನ ಯಾವತ್ತೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ.

ನಿಜ ಏನೆಂದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ಮುಟ್ಟಿ ನೋಡಿಕೊಂಡರೆ ಯಾರದೋ ಕೆನ್ನೆ ಮುಟ್ಟಿದ ಹಾಗಾಗುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಿತ್ತು. ಆಸ್ಪತ್ರೆಯಿಂದ ವೆಂಕಟನನ್ನು ತಂದ ದಿನ ಬಂದವರಿಗೆ ಚಾಪೆ ಹಾಸಿದ್ದಳು, ನೀರು ಕೊಟ್ಟಿದ್ದಳು, ಶಾಮಿಯಾನದವನಿಗೆ ಕುರ್ಚಿ ಎಲ್ಲಿ ಹಾಕಬೇಕೆಂದು ಹೇಳಿದ್ದಳು. "ಅತ್ತುಬಿಡಮ್ಮ, ಹಗುರ ಆಗ್ತೀಯ" ಎಂದವರಿಗೆಲ್ಲ "ಹೂಂ" ಎಂದಿದ್ದಳು. ಅಳು ಬರುತ್ತದೇನೋ ಎಂದು ಕಾದೂ ನೋಡಿದಳು. ಬಸ್ಸಾದರೆ ತಡವಾಗಿಯಾದರೂ ಬರುತ್ತದೆ. ಇದು ಬರಲಿಲ್ಲ.

ಅವಳು ಕೋಲಾರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ. ಅವತ್ತು ಒಂಬತ್ತನೇ ತರಗತಿಗೆ ಫ್ರೇಸಲ್ ವರ್ಬು ಪಾಠ. ಇಂಗ್ಲಿಷಿನವರದೊಂದು ಚಾಳಿ ಇದು. ನೆಟ್ಟಗಿರುವ ಕ್ರಿಯಾಪದಕ್ಕೆ ಅಪ್ಪೋ ಡೌನೋ ಒಂದು ಬಾಲ ಕಟ್ಟುತ್ತಾರೆ, ಕಟ್ಟಿದ್ದೇ ತಡ ಅದು ಬೇರೆಯೇ ಮಾತಾಡತೊಡಗುತ್ತದೆ. ಅವಳ ಟೆಸ್ಟುಗಳಲ್ಲಿ ಇದಕ್ಕೆ ಎರಡು ಅಂಕ. ಅರ್ಥ ಬರೆದರೆ ಒಂದು, ಸ್ವಂತ ವಾಕ್ಯದಲ್ಲಿ ಬಳಸಿದರೆ ಇನ್ನೊಂದು. ಮಕ್ಕಳು ಅರ್ಥವನ್ನು ಉರು ಹೊಡೆದು ಒಂದು ಅಂಕ ಗಿಟ್ಟಿಸಿಕೊಂಡು, ವಾಕ್ಯದ ಜಾಗವನ್ನು ಖಾಲಿ ಬಿಡುತ್ತಿದ್ದರು.

ಪುಸ್ತಕದ ತೆರೆದ ಪುಟದಲ್ಲಿ ಮೊದಲು ಇದ್ದದ್ದು ಲೋಡ್ ಡೌನ್. ಅವಳು ಬೋರ್ಡಿನ ಮೇಲೆ ಬರೆದು ತಿರುಗಿದಳು.

"ಅಂದ್ರೇನು?"

"ಇಳಿಸೋದು ಮಿಸ್," ಎಂದಳು ಮುಂದಿನ ಬೆಂಚಿನ ಶಿವಾನಿ.

"ಅಲ್ಲ. ಹೊರೋದಕ್ಕೆ ಆಗದಷ್ಟು ಹೇರೋದು."

"ಡೌನ್ ಅಂದ್ಮೇಲೆ ಇಳೀಬೇಕಲ್ವಾ ಮಿಸ್?"

"ಹೊರೆ ಇಳಿಯಲ್ಲ. ಹೊತ್ತವರು ಬಗ್ಗಿಹೋಗ್ತಾರೆ. ಡೌನ್ ಅಂದದ್ದು ಅದಕ್ಕೆ."

ಶಿವಾನಿ ಅದನ್ನು ಬರೆದುಕೊಂಡಳು. ಗಂಗಾಲಕ್ಷ್ಮಿ ಅದರ ಕೆಳಗೆ ಲೋಡ್ ಅಪ್ ಎಂದು ಬರೆದಳು. ಬರೆಯುವಾಗ ಅಕ್ಷರ ಸೊಟ್ಟಗಾಗಲಿಲ್ಲ, ಚಾಕ್‌ಪೀಸ್ ಮುರಿಯಲಿಲ್ಲ.

"ಎತ್ತೋದು ಮಿಸ್," ಎಂದು ನಾಲ್ಕೈದು ದನಿಗಳು ಒಟ್ಟಿಗೇ ಎದ್ದವು. "ಕ್ರೇನ್‌ನವರು ಹಂಗೇ ಅನ್ನೋದು. ಲೋಡ್ ಅಪ್ ಅಂದ್ರೆ ಮೇಲಕ್ಕೆ."

"ನನ್ನ ತಮ್ಮನೂ ಹಾಗೇ ಅಂತಾನೆ," ಎಂದಳು ಗಂಗಾಲಕ್ಷ್ಮಿ. "ಪರೀಕ್ಷೇಲಿ ಹಾಗೆ ಬರೆದ್ರೆ ಅಂಕ ಹೋಗುತ್ತೆ. ಲೋಡ್ ಅಪ್ ಅಂದ್ರೆ ಗಾಡಿಗೆ ಸಾಮಾನು ತುಂಬೋದು. ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಮೇಡಂ ಮನೆಯ ಸುದ್ದಿ ಇಡೀ ಸ್ಕೂಲಿಗೆ ಗೊತ್ತಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಠ ಅರ್ಥವಾಗಿಲ್ಲವೆಂದು ತಿಳಿದು ಅವಳು ಇನ್ನೊಂದು ಸಲ ಹೇಳಿದಳು.

ಅವಳ ತಮ್ಮನನ್ನು ತೆಗೆದುಕೊಂಡು ಹೋದದ್ದೂ ಲೋಡ್ ಅಪ್ ಎನ್ನುವ ಈ ಎರಡು ಪದವೇ.

ವೆಂಕಟ್ ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿದ್ದು ಇಂಗ್ಲಿಷಿಗೆ. ಇಂಗ್ಲಿಷ್ ಮೇಡಂ ತಮ್ಮ ಇಂಗ್ಲಿಷಿನಲ್ಲೇ ಡುಮ್ಕಿ ಎಂದು ಊರವರು ನಕ್ಕರೆ ಅವನೂ ಜೊತೆಗೆ ನಗುತ್ತಿದ್ದ. ಮಾಲೂರಿನ ಹತ್ತಿರ ಸಿಮೆಂಟ್ ಪೈಪು ಮಾಡುವ ಫ್ಯಾಕ್ಟರಿಯ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ನೆಲೆ ಕಂಡುಕೊಂಡ. ನಿಂತರೆ ಎದೆಮಟ್ಟ ಬರುವ ಪೈಪುಗಳು. ಒಂದೊಂದಕ್ಕೂ ಎರಡು ಕಡೆ ಬೆಲ್ಟು ಕಟ್ಟಿ ಕ್ರೇನಿನಲ್ಲಿ ಎತ್ತಿ ಲಾರಿಗೆ ಇಡಬೇಕು. ಬೆಲ್ಟು ಕಟ್ಟುವವನು ವೆಂಕಟ್, ಕ್ರೇನ್ ಓಡಿಸುವವನು ಕದಿರೇಶ್. ಕಟ್ಟಿದ್ದಾದ ಮೇಲೆ ವೆಂಕಟ್ ಪಕ್ಕಕ್ಕೆ ಸರಿದು ವಾಕಿಟಾಕಿಯಲ್ಲಿ "ಲೋಡ್ ಅಪ್" ಎನ್ನಬೇಕು, ಆಗ ಪೈಪು ಮೇಲೇಳುತ್ತದೆ. "ಲೋಡ್ ಡೌನ್" ಎಂದರೆ ಇಳಿಯುತ್ತದೆ. ಲಾರಿ ತುಂಬುವ ಕೆಲಸಕ್ಕೆ ಲೋಡಿಂಗ್ ಎನ್ನುತ್ತಾರೆಯೇ ಹೊರತು ಅದಕ್ಕೆ ಅಪ್ ಸೇರಿಸಿದವರು ಆ ಯಾರ್ಡಿನಲ್ಲಿ ಒಬ್ಬರೂ ಇರಲಿಲ್ಲ.

ಆ ದಿನದವರೆಗೆ. ಹೊರರಾಜ್ಯದಿಂದ ಹೊಸದಾಗಿ ಬಂದಿದ್ದ ಮೇನೇಜರು ಲಾರಿ ಇನ್ನೂ ಖಾಲಿ ನಿಂತಿರುವುದನ್ನು ಆಫೀಸಿನ ಕಿಟಕಿಯಿಂದ ಕಂಡ. ವಾಕಿಟಾಕಿ ಎತ್ತಿಕೊಂಡು, ಬೇಗ ತುಂಬಿ ಎನ್ನುವ ಅರ್ಥದಲ್ಲಿ, ಅವನಿಗೆ ಗೊತ್ತಿದ್ದ ಶುದ್ಧ ಇಂಗ್ಲಿಷಿನಲ್ಲಿ "ಲೋಡ್ ಅಪ್, ಲೋಡ್ ಅಪ್" ಎಂದ. ಲಾರಿ ಅಡ್ಡ ನಿಂತಿದ್ದರಿಂದ ಕದಿರೇಶನಿಗೆ ಪೈಪಿನ ಆಚೆ ತುದಿ ಕಾಣುತ್ತಿರಲಿಲ್ಲ. ಗೊರಗೊರ ಎನ್ನುವ ಆ ಡಬ್ಬದಲ್ಲಿ ಯಾರ ದನಿ ಎಂದು ಗುರುತು ಹಿಡಿಯುವುದೂ ಕಷ್ಟ. ಆ ಮಾತು ಹೇಳುವವನು ವೆಂಕಟ್ ಒಬ್ಬನೇ ಆದ್ದರಿಂದ ಹೇಳಿದ್ದು ವೆಂಕಟನೇ ಎಂದುಕೊಂಡ. ಗುಂಡಿ ಒತ್ತಿದ. ವೆಂಕಟ್ ಆಚೆ ತುದಿಯಲ್ಲಿ ಎರಡನೆಯ ಬೆಲ್ಟು ಬಿಗಿಯುತ್ತಿದ್ದ.

ಸ್ಕೂಲಿಗೆ ಹೋಗತೊಡಗಿದ ವಾರದಲ್ಲೇ ಕಂಪನಿಯಿಂದ ಉಮಾಶಂಕರ್ ಎನ್ನುವವರು ಅವಳನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದರು. ಕೆಲಸಗಾರರ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ. ನಯವಾದ ಮಾತು, ಹೊಳೆಯುವ ಶೂ. ಮೊದಲು ಸಂತಾಪ ಹೇಳಿ, ಅದು ಮುಗಿಯಿತೆನ್ನುವುದಕ್ಕೆ ಒಮ್ಮೆ ಕೆಮ್ಮಿ, ವಿಷಯಕ್ಕೆ ಬಂದರು. ಕದಿರೇಶನ ಮೇಲೆ ಕಂಪನಿ ವಿಚಾರಣೆ ಇಟ್ಟುಕೊಂಡಿದೆ. ಯಾರೂ ಎತ್ತು ಎಂದು ಹೇಳದೆ ಅವನೇ ಎತ್ತಿದ ಎನ್ನುವುದು ಆರೋಪ. ಅದು ಸಾಬೀತಾದರೆ ಅವನ ಕೆಲಸ ಹೋಗುತ್ತದೆ, ಪೊಲೀಸ್ ಕೇಸೂ ಅವನೊಬ್ಬನ ತಲೆಗೇ ಬರುತ್ತದೆ.

"ನಮ್ಮ ಮೇನೇಜರ್ ಹೇಳಿದ್ದು ಲೋಡ್ ಅಪ್ ಅಂತ," ಎಂದರು ಉಮಾಶಂಕರ್. "ಅದರ ಅರ್ಥ ನಿಮಗೆ ಗೊತ್ತೇ ಇದೆ ಮೇಡಂ. ಯಾವ ಡಿಕ್ಷನರಿ ತೆಗೆದ್ರೂ ಎತ್ತು ಅಂತ ಇಲ್ಲ. ನೀವು ಬಂದು ಅರ್ಥ ಇದು ಅಂತ ಹೇಳಿದ್ರೆ ಸಾಕು. ಇಂಗ್ಲಿಷ್ ಮೇಡಂ ನೀವು, ಅದರ ಮೇಲೆ ವೆಂಕಟ್ ಅವರ ಸ್ವಂತ ಅಕ್ಕ. ನಿಮ್ಮ ಮಾತಿಗೆ ಯಾರು ಎದುರು ಹೇಳ್ತಾರೆ?"

"ನನ್ನ ತಮ್ಮನಿಗೆ ಇಂಗ್ಲಿಷ್ ಬರಲ್ಲ," ಎಂದಳು ಗಂಗಾಲಕ್ಷ್ಮಿ.

ಉಮಾಶಂಕರ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, "ಇರಲಿ ಮೇಡಂ, ಬುಧವಾರ ಬನ್ನಿ, ಗಾಡಿ ಕಳಿಸ್ತೀನಿ," ಎಂದರು.

"ಬಸ್ಸಲ್ಲೇ ಬರ್ತೀನಿ."

ಹೋಗಬೇಕೋ ಬೇಡವೋ ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪದದ ಅರ್ಥ ಕೇಳಿದರೆ ಹೇಳುವುದು ಅವಳ ಕೆಲಸ. ಕದಿರೇಶನ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬಂದಿರಲಿಲ್ಲ. ಸಂಜೆ ಮನೆಗೆ ಹೋಗುವಾಗ ಸೊಪ್ಪು ಕೊಂಡಳು. ಅಡುಗೆಮನೆಯಲ್ಲಿ ಅವಳ ತಾಯಿ ಭಾರತಮ್ಮ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು.

"ಕಮ್ಮಿ ಹಾಕಮ್ಮ," ಎಂದಳು ಗಂಗಾಲಕ್ಷ್ಮಿ, ಚೀಲ ಕೆಳಗಿಡುತ್ತ. "ವೆಂಕಟನಿಗೆ ಹುಳಿ ಆಗಲ್ಲ."

ಭಾರತಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಗೋಡೆಗೆ ಒರಗಿ ಕೂತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮನಿಗೆ ತಲೆಸುತ್ತು ಬಂದಿರಬೇಕು ಎಂದುಕೊಂಡು ಮಗಳು ನೀರು ತಂದುಕೊಟ್ಟು, ಒಲೆಯ ಮುಂದೆ ತಾನು ನಿಂತಳು.

ಭಾನುವಾರ ಬೆಳಿಗ್ಗೆ ಕದಿರೇಶ್ ಬಂದ. ಆವನಿ ಕಡೆಯವನು, ಮನೆಮಾತು ತೆಲುಗು. ವೆಂಕಟನಿಗೆ ಮದುವೆಯಾಗುವ ಮುಂಚೆ ಇಬ್ಬರೂ ಮಾಲೂರಿನಲ್ಲಿ ಒಂದೇ ರೂಮಿನಲ್ಲಿದ್ದರು. ಆಮೇಲೂ ರಜೆಯ ದಿನ ಗೆಳೆಯನ ಜೊತೆ ಬಂದು ಈ ಮನೆಯ ಮುದ್ದೆ ಉಂಡು ಹೋಗುತ್ತಿದ್ದ. ಹಿಂದೆಲ್ಲ ಅಡುಗೆಮನೆಯವರೆಗೂ ನುಗ್ಗುತ್ತಿದ್ದವನು ಈಗ ಹಸುವಿನ ಕೊಟ್ಟಿಗೆಯ ಹತ್ತಿರವೇ ನಿಂತುಬಿಟ್ಟಿದ್ದ. ಗಡ್ಡ ಬಂದಿತ್ತು. ಭಾರತಮ್ಮ ಅವನನ್ನು ಕಂಡವಳೇ ಹಾಲಿನ ಚೊಂಬು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿದ್ದು ಇಡೀ ಬೀದಿಗೆ ಕೇಳಿಸಿತು.

"ಒಳಗೆ ಬಾ," ಎಂದಳು ಗಂಗಾಲಕ್ಷ್ಮಿ.

"ಬ್ಯಾಡಕ್ಕ. ಇಲ್ಲೇ ಹೇಳ್ತೀನಿ." ಕೊಟ್ಟಿಗೆಯಲ್ಲಿ ಹಸು ಬಾಲ ಬೀಸುತ್ತಿತ್ತು. "ನನ್ನ ಕಡೆಯಿಂದ ಹೇಳೋರು ಯಾರೂ ಇಲ್ಲಕ್ಕ. ಯಾರ್ಡ್‌ನಾಗೆ ಎಲ್ರಿಗೂ ಗೊತ್ತು, ಲೋಡ್ ಅಪ್ ಅಂದ್ರೆ ಎತ್ತೋದು ಅಂತ. ಆದ್ರೆ ಎಲ್ರೂ ಕಾಂಟ್ರಾಕ್ಟಿನೋರು. ಬಾಯಿ ಬಿಟ್ರೆ ನಾಳೆಯಿಂದ ಗೇಟಿನ ಹೊರಗೆ. ಅವರನ್ನ ಏನನ್ನೋದು?"

"ನನ್ನನ್ನ ಕಂಪನಿಯೋರು ಕರೆದಿದ್ದಾರೆ."

"ಗೊತ್ತಕ್ಕ. ಅದಕ್ಕೇ ಬಂದೆ." ಅವನು ಬಲಗೈಯ ತೋರುಬೆರಳನ್ನು ಮುಂದೆ ಹಿಡಿದ. "ನಾನು ತಪ್ಪೇ ಮಾಡಿಲ್ಲ ಅನ್ನಲ್ಲ. ಗುಂಡಿ ಒತ್ತಿದ್ದು ಈ ಬೆರಳೇ. ಇಳಿದು ನೋಡಿ ಒತ್ತಬೇಕಿತ್ತು, ನೋಡಲಿಲ್ಲ. ಆದ್ರೆ ಯಾರೂ ಹೇಳ್ದೆ ಒತ್ಲಿಲ್ಲಕ್ಕ. ವೆಂಕಟನೇ ಹೇಳಿದ ಅಂದ್ಕೊಂಡೆ. ಎತ್ತೋಕೆ ಇಳಿಸೋಕೆ ಇರೋದೇ ಎರಡು ಗುಂಡಿ, ಅಪ್ಪು, ಡೌನು. ಅಪ್ ಅಂತ ಕೇಳಿಸ್ತು, ಒತ್ತಿದೆ. ಹೇಳಿದ್ದು ಕೇಳಿಸ್ಕೊಂಡು ಒತ್ತಿದ ಅಂತ, ಅದಿಷ್ಟು ಯಾರಾನಾ ಅಂದ್ರೆ ಸಾಕು. ಆಮೇಲೆ ಏನಾನಾ ಆಗ್ಲಿ. ದೇವುಡೇ ದಿಕ್ಕು."

ಅವನು ಇನ್ನೂ ಏನೋ ಹೇಳುವುದರಲ್ಲಿದ್ದ. ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ವೆಂಕಟನ ಮಗಳು ಚಂದನ ಓಡಿಬಂದಳು. ಇನ್ನೂ ಅಂಗನವಾಡಿಗೆ ಹೋಗುವ ಮಗು. ಅಪ್ಪ ಎಲ್ಲಿ ಎಂದು ಕೇಳಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ಅದನ್ನು ಗೊಂದಲಕ್ಕೆ ಕೆಡವಿದ್ದರು. ಅಪ್ಪನ ಜೊತೆ ಯಾವಾಗಲೂ ಬರುವ ಮಾಮ ಬಂದಿದ್ದಾನೆ, ಇನ್ನು ಅಪ್ಪ ದೂರವಿಲ್ಲ ಎಂದು ಅದಕ್ಕೆ ಅನ್ನಿಸಿರಬೇಕು. ನೇರ ಕದಿರೇಶನ ಮುಂದೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತಿತು.

"ಮಾಮ, ಬೆಲ್ಟು ಟೈಟು! ಲೋಡ್ ಅಪ್!"

ಅದು ಅಪ್ಪ ಮಗಳ ಆಟ. ವೆಂಕಟ್ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಚಂದನ ಹೀಗೆ ಕೈ ಎತ್ತಿ ನಿಲ್ಲುತ್ತಿದ್ದಳು. ಅವನು ಬಗ್ಗಿ ಸೊಂಟ ಹಿಡಿದು "ಬೆಲ್ಟು ಟೈಟಾ?" ಎಂದು ಕೇಳಬೇಕು, ಅವಳು "ಟೈಟು!" ಎನ್ನಬೇಕು, ಆಗ ಅವನು "ಲೋಡ್ ಅಪ್" ಎಂದು ಕೂಗಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಅಂಗಳದಲ್ಲಿ ಎರಡು ಸುತ್ತು ಹಾಕಿ "ಲೋಡ್ ಡೌನ್" ಎಂದರೆ ಅವಳು ಇಳಿಯಲೊಲ್ಲದೆ ಅವನ ಕೂದಲು ಹಿಡಿದು ಜಗ್ಗುತ್ತಿದ್ದಳು. ಒಂದು ದಿನ ಗಂಗಾಲಕ್ಷ್ಮಿ ಜಗಲಿಯ ಮೇಲೆ ಪೇಪರು ತಿದ್ದುತ್ತಿದ್ದವಳು, "ಮಗೂಗೆ ತಪ್ಪು ಇಂಗ್ಲಿಷ್ ಕಲಿಸಬೇಡ ಕಣೋ" ಎಂದು ಬೈದಿದ್ದಳು. "ನಿನ್ನ ಇಂಗ್ಲಿಷ್ ನಿನ್ನ ಪುಸ್ತಕದಾಗೆ ಇರ್ಲಿ ಬಿಡಕ್ಕ, ಇದು ನಮ್ಮ ಯಾರ್ಡಿಂದು, ನೋಡು ಹೆಂಗೆ ಮೇಲೆ ಹೋಗ್ತದೆ" ಎಂದು ಅವನು ಮಗುವನ್ನು ಇನ್ನಷ್ಟು ಎತ್ತರ ಎತ್ತಿ ತೋರಿಸಿದ್ದ.

ಕದಿರೇಶ್ ಮಗುವನ್ನು ಎತ್ತಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಮಗು ಇನ್ನೂ ಹತ್ತಿರ ಹೋಗಿ, "ಲೋಡ್ ಅಪ್ ಮಾಮ, ಟೈಟು ಅಂದೆನಲ್ಲ," ಎಂದಿತು. ಅವನು ಕೊಟ್ಟಿಗೆಯ ಕಂಬಕ್ಕೆ ಹಣೆ ಒತ್ತಿ ಗೊಳೋ ಎಂದು ಅತ್ತುಬಿಟ್ಟ. ಗಂಡಸು ಹಾಗೆ ಅಳುವುದನ್ನು ಮಗು ನೋಡಿರಲಿಲ್ಲ. ಎತ್ತಿದ ಕೈ ಇಳಿಸದೆ ಅತ್ತೆಯ ಕಡೆ ತಿರುಗಿತು. ಗಂಗಾಲಕ್ಷ್ಮಿಗೆ ಆ ಕೈಗಳು ಕಾಣುತ್ತಿದ್ದವು, ಏನು ಮಾಡಬೇಕು ಎನ್ನುವುದೂ ಗೊತ್ತಿತ್ತು, ಆದರೆ ತನ್ನ ಕೈಗಳು ಎಲ್ಲಿವೆ ಎಂದು ತಿಳಿಯಲಿಲ್ಲ. ಕೊನೆಗೆ ವೆಂಕಟನ ಹೆಂಡತಿ ಮೇಘನ ಬಂದು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಒಳಗೆ ಹೋದಳು.

ಅವನು ಹೋದ ಮೇಲೆ ಭಾರತಮ್ಮ ಬಾಗಿಲು ತೆಗೆದಳು.

"ಏನಂತೆ ಅವನಿಗೆ? ಇದೇ ಕೈಯಾಗೆ ಮುದ್ದೆ ಇಕ್ಕಿದ್ದೆ ಅವನಿಗೆ. ನನ್ನ ಮಗನ್ನ ತಿಂದವನ ಪರವಾಗಿ ಹೋಗ್ತೀಯೇನೇ ನೀನು?"

"ಯಾರ ಪರವಾಗೂ ಅಲ್ಲಮ್ಮ. ಒಂದು ಪದದ ಅರ್ಥ ಕೇಳಿದ್ದಾರೆ."

"ಅರ್ಥವಂತೆ ಅರ್ಥ! ನೀನು ಮನುಷ್ಯಳೇನೇ? ಒಂದು ದಿನ ಅಳ್ಲಿಲ್ಲ. ಒಂದು ದಿನ ಅವನ ಫೋಟೋ ಮುಂದೆ ಕೂರ್ಲಿಲ್ಲ."

ಗಂಗಾಲಕ್ಷ್ಮಿಗೆ ಇದು ಬೈಗುಳದ ಹಾಗೆ ಕೇಳಿಸಲಿಲ್ಲ, ಪ್ರಶ್ನೆಯ ಹಾಗೆ ಕೇಳಿಸಿತು. ಉತ್ತರಕ್ಕಾಗಿ ಯೋಚಿಸುತ್ತ ನಿಂತಳು. ಆಗ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ ಮೇಘನ ತಲೆ ಎತ್ತದೆ ಹೇಳಿದಳು. ಅವಳು ಆ ಮನೆಯಲ್ಲಿ ಜೋರಾಗಿ ಮಾತಾಡಿದವಳೇ ಅಲ್ಲ.

"ಅವರು ಇದ್ದಿದ್ರೆ ಅವರೇ ಹೋಗಿ ಹೇಳ್ತಿದ್ರು ಅತ್ತೆ. ಕದಿರೇಶಣ್ಣನ್ನ ಬಿಟ್ಟುಕೊಡ್ತಿರ್ಲಿಲ್ಲ."

ಭಾರತಮ್ಮ ಹಸುವಿಗೆ ಹುಲ್ಲು ಹಾಕಲು ಹೊರಗೆ ಹೋದಳು.

ಬುಧವಾರ ಗಂಗಾಲಕ್ಷ್ಮಿ ಸ್ಕೂಲಿಗೆ ರಜೆ ಹಾಕಿ ಮಾಲೂರಿನ ಬಸ್ಸು ಹತ್ತಿದಳು. ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ಹರಿಸಿಕೊಂಡಳು. ಇಟ್ಟಿಗೆ ಗೂಡುಗಳು ಹೊಗೆಯಾಡುತ್ತಿದ್ದವು, ಕೆಂಪು ಧೂಳು ಕಿಟಕಿಯಿಂದ ಬಂದು ಸೀರೆಯ ಮೇಲೆ ಕೂತಿತು. ವೆಂಕಟ್ ದಿನವೂ ಬೈಕಿನಲ್ಲಿ ಹೋಗುತ್ತಿದ್ದ ರಸ್ತೆ ಇದು. ಎಲ್ಲಿ ತಿರುವು, ಎಲ್ಲಿ ಹಂಪು ಎಂದು ಅವನು ಹೇಳಿದ್ದು ನೆನಪಿತ್ತು. ನೆನಪಾದದ್ದೂ ಯಾರೋ ಓದಿ ಹೇಳಿದ ಹಾಗೆ ಬಂದು ಹೋಯಿತು.

ಫ್ಯಾಕ್ಟರಿಯ ಮೀಟಿಂಗ್ ರೂಮಿನಲ್ಲಿ ಎಸಿ ಹಾಕಿದ್ದರು. ಮೇಜಿನ ಮೇಲೆ ತಟ್ಟೆಯಲ್ಲಿ ಬಿಸ್ಕತ್ತು ಇತ್ತು. ವಿಚಾರಣೆ ನಡೆಸುತ್ತಿದ್ದವರು ಚನ್ನರಾಯಪ್ಪ, ಶ್ರೀನಿವಾಸಪುರದ ಹಳೆಯ ವಕೀಲರು. ಕಂಪನಿಯೇ ನೇಮಿಸಿದ್ದರೂ ಕಂಪನಿಯ ಬಿಸ್ಕತ್ತನ್ನು ಮುಟ್ಟದ ಮನುಷ್ಯ. ಅವರ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ, ಹೇಳಿದ್ದನ್ನೆಲ್ಲ ಟೈಪು ಮಾಡುವ ಹುಡುಗಿ. ಒಂದು ಕಡೆ ಉಮಾಶಂಕರ್, ಅವರ ಪಕ್ಕ ಹೊಸ ಮೇನೇಜರು. ಇನ್ನೊಂದು ಕಡೆ ಕದಿರೇಶ್ ಒಬ್ಬನೇ. ಅವನ ಪಕ್ಕದ ಕುರ್ಚಿಗಳೆಲ್ಲ ಖಾಲಿ. ಗಾಜಿನ ಗೋಡೆಯಾಚೆ ಯಾರ್ಡು ಕಾಣುತ್ತಿತ್ತು. ಕ್ರೇನು ಕೆಲಸ ಮಾಡುತ್ತಿತ್ತು. ಬೆಲ್ಟು ಕಟ್ಟಲು ಬೇರೆ ಯಾರೋ ಬಂದಿದ್ದರು.

ಉಮಾಶಂಕರ್ ಮೊದಲು ಕೇಳಿದರು.

"ಮೇಡಂ, ಲೋಡ್ ಅಪ್ ಅನ್ನೋದರ ಅರ್ಥ ಏನು?"

"ಗಾಡಿ ಅಥವಾ ಲಾರಿಗೆ ಸಾಮಾನು ತುಂಬುವುದು."

"ಎತ್ತುವುದು ಅನ್ನೋ ಅರ್ಥ ಡಿಕ್ಷನರಿಯಲ್ಲಿ ಇದೆಯಾ?"

"ಇಲ್ಲ."

"ಥ್ಯಾಂಕ್ಯೂ ಮೇಡಂ. ಅಷ್ಟೇ." ಉಮಾಶಂಕರ್ ಪೆನ್ನಿನ ಕ್ಯಾಪು ಹಾಕಿದರು. ಕದಿರೇಶ್ ತಲೆ ತಗ್ಗಿಸಿದ. ಅವನ ಕೈಗಳು ತೊಡೆಯ ನಡುವೆ ಸಿಕ್ಕಿಕೊಂಡಿದ್ದವು.

ಗಂಗಾಲಕ್ಷ್ಮಿ ಏಳಲಿಲ್ಲ.

"ಇನ್ನೇನಾದ್ರೂ ಹೇಳೋದಿದೆಯಾ ಅಮ್ಮ?" ಎಂದರು ಚನ್ನರಾಯಪ್ಪ.

"ಅವರು ಅರ್ಧ ಪ್ರಶ್ನೆ ಕೇಳಿದ್ದಾರೆ ಸಾರ್. ಅದು ಅರ್ಥ. ಅದಕ್ಕೆ ಒಂದೇ ಅಂಕ. ಇನ್ನೊಂದು ಅಂಕ ಅದನ್ನ ವಾಕ್ಯದಲ್ಲಿ ಬಳಸೋದಕ್ಕೆ."

ಉಮಾಶಂಕರ್ ನಕ್ಕರು. "ಮೇಡಂ, ಇದು ಕ್ಲಾಸ್ ರೂಮಲ್ಲ."

"ಗೊತ್ತು. ನಿಮ್ಮ ಯಾರ್ಡಲ್ಲಿ ಲಾರಿ ತುಂಬೋದಕ್ಕೆ ಏನಂತಾರೆ?"

"ಲೋಡಿಂಗ್ ಅಂತಾರೆ."

"ಪೈಪು ಮೇಲಕ್ಕೆ ಎತ್ತೋದಕ್ಕೆ?"

ಉಮಾಶಂಕರ್ ಚನ್ನರಾಯಪ್ಪನವರ ಕಡೆ ನೋಡಿದರು, ಈ ಪ್ರಶ್ನೆ ಕೇಳುವ ಹಕ್ಕು ಅವಳಿಗೆ ಇಲ್ಲವೆಂದು ಅವರು ಹೇಳಲಿ ಎಂದು. ಅವರು ಹೇಳಲಿಲ್ಲ. ಹಣೆಗೆ ಏರಿಸಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಗಂಗಾಲಕ್ಷ್ಮಿಯ ಕಡೆ ತಿರುಗಿದರು.

"ನೀವು ಈ ಯಾರ್ಡಲ್ಲಿ ಕೆಲಸ ಮಾಡಿದವರಲ್ಲ ಅಮ್ಮ. ಇಲ್ಲಿಯವರು ಲೋಡ್ ಅಪ್ ಅಂದ್ರೆ ಎತ್ತೋದು ಅಂತ ಬಳಸ್ತಾರೆ ಅನ್ನೋದು ನಿಮಗೆ ಹೇಗೆ ಗೊತ್ತು? ಅಂದಾಜಿನ ಮಾತು ನಾನು ಬರ್ಕೊಳ್ಳೋಕಾಗಲ್ಲ. ನೀವೇ ಕಿವಿಯಾರೆ ಕೇಳಿದ್ದು ಇದ್ರೆ ಹೇಳಿ."

"ಕೇಳಿದ್ದೀನಿ," ಎಂದಳು ಗಂಗಾಲಕ್ಷ್ಮಿ. ಅವಳ ದನಿ ಪಾಠ ಮಾಡುವಾಗಿನ ದನಿಯೇ ಆಗಿತ್ತು, ಟೈಪು ಮಾಡುವವರಿಗೆ ಅನುಕೂಲವಾಗುವಷ್ಟು ನಿಧಾನ. "ಬರ್ಕೊಳ್ಳಿ. ನನ್ನ ತಮ್ಮ ಕೆಲಸದಿಂದ ಮನೆಗೆ ಬಂದ ಕೂಡಲೆ ಅವನ ಮಗಳು ಎರಡೂ ಕೈ ಎತ್ತಿ ನಿಲ್ತಾಳೆ. ಅವನು ಬೆಲ್ಟು ಟೈಟಾ ಅಂತ ಕೇಳ್ತಾನೆ. ಅವಳು ಟೈಟು ಅಂತಾಳೆ. ಆಗ ಅವನು ಲೋಡ್ ಅಪ್ ಅಂತ ಹೇಳಿ ಅವಳನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೋತಾನೆ. ಇದು ತಪ್ಪು ಇಂಗ್ಲಿಷ್ ಅಂತ ನಾನು ಬೈದಿದ್ದೀನಿ. ಇದು ನಮ್ಮ ಯಾರ್ಡಿನ ಇಂಗ್ಲಿಷ್ ಅಂತಾನೆ ಅವನು. ಮೇನೇಜರ್ ಸಾರ್ ಹೇಳಿದ್ದು ಅವರ ಅರ್ಥದಲ್ಲಿ ಸರಿ. ಕದಿರೇಶ್ ಕೇಳಿಸ್ಕೊಂಡದ್ದು ಇಲ್ಲಿನ ಅರ್ಥದಲ್ಲಿ ಸರಿ. ಅವನಿಗೆ ಯಾರೂ ಎತ್ತು ಅಂತ ಹೇಳಲೇ ಇಲ್ಲ ಅನ್ನೋದು ಮಾತ್ರ ಸರಿಯಲ್ಲ."

ಉಮಾಶಂಕರ್ ಮುಖ ಸಪ್ಪಗಾಯಿತು. ಅಲ್ಲಿಯವರೆಗೆ ಮೇಜನ್ನೇ ನೋಡುತ್ತಿದ್ದ ಮೇನೇಜರು ಪಕ್ಕದವರಿಂದ ಅವಳ ಮಾತಿನ ಅರ್ಥ ಕೇಳಿ ತಿಳಿದುಕೊಂಡ. ವಯಸ್ಸಿನಲ್ಲಿ ವೆಂಕಟನಷ್ಟೇ ಇದ್ದ. ಆಮೇಲೆ ತನಗೆ ಬರುತ್ತಿದ್ದ ಹರಕು ಕನ್ನಡದಲ್ಲಿ "ನಂಗೆ ಗೊತ್ತಿಲ್ಲ ಇತ್ತು ಮೇಡಂ" ಎಂದ. ಯಾರೂ ಅದನ್ನು ತಿದ್ದಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ನನಗೆ ಇರುವುದಿಲ್ಲ. ಕದಿರೇಶನ ಮೇಲಿನ ಆರೋಪ ಸಾಬೀತಾಗಲಿಲ್ಲ. ಮೇಲಿನವರು ಆಡಿದ ಮಾತೂ ಕೆಳಗಿನವರು ಕೇಳಿದ ಮಾತೂ ಬೇರೆ ಬೇರೆಯಾಗಿದ್ದವೆಂದು ಚನ್ನರಾಯಪ್ಪ ತಮ್ಮ ತೀರ್ಮಾನದಲ್ಲಿ ಬರೆದರು. ಪೊಲೀಸರ ಕೇಸು ಅವನೊಬ್ಬನ ತಲೆಯಿಂದ ಇಳಿಯಿತು. ಅವನ ಕೆಲಸ ಉಳಿದರೂ ಅವನು ಮತ್ತೆ ಕ್ರೇನ್ ಹತ್ತಲಿಲ್ಲ. ಈಗ ಆವನಿಯಲ್ಲಿ ಟೊಮ್ಯಾಟೊ ಬೆಳೆಯುತ್ತಾನೆ. ಭಾರತಮ್ಮ ಅವನನ್ನು ಇವತ್ತಿಗೂ ಒಳಗೆ ಕರೆದಿಲ್ಲ. ಬಾಗಿಲು ಮಾತ್ರ ಹಾಕಿಕೊಳ್ಳುವುದಿಲ್ಲ.

ಆದರೆ ಆ ರೂಮಿನಲ್ಲಿ, ಅವತ್ತು, ಇದೊಂದೂ ಇನ್ನೂ ಆಗಿರಲಿಲ್ಲ. ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿದ್ದಳು. ಪರದೆಯನ್ನೊಮ್ಮೆ, ಚನ್ನರಾಯಪ್ಪನವರನ್ನೊಮ್ಮೆ ನೋಡಿ ಸಂಕೋಚದಿಂದ ಕೇಳಿದಳು:

"ಸಾರ್, 'ಅಂತಾನೆ' ಅಂತ ಹಾಕ್ಲಾ, 'ಅಂತಿದ್ದ' ಅಂತ ಹಾಕ್ಲಾ?"

ಹುಡುಗಿಯದೇನೂ ತಪ್ಪಿಲ್ಲ. ದಾಖಲೆ ಸರಿಯಾಗಿರಬೇಕು ಎಂದು ಕೇಳಿದಳು. ಉತ್ತರ ಹೇಳಬೇಕಾದವರು ತಾವಲ್ಲ ಎಂದು ಚನ್ನರಾಯಪ್ಪನವರಿಗೆ ಅನ್ನಿಸಿತೋ ಏನೋ. ಗಂಗಾಲಕ್ಷ್ಮಿಯ ಕಡೆ ತಿರುಗಿ ತೀರ ಮೆಲ್ಲಗೆ, "ಯಾವುದು ಹಾಕೋಣ ಅಮ್ಮ?" ಎಂದರು.

ವರ್ತಮಾನ ಕಾಲವನ್ನು ಭೂತಕಾಲಕ್ಕೆ ಪರಿವರ್ತಿಸುವುದನ್ನು ಅವಳು ಎಷ್ಟು ಮಕ್ಕಳಿಗೆ ಕಲಿಸಿದ್ದಳೋ. ತಪ್ಪು ಮಾಡಿದವರ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದಳು. ಕ್ಲಾಸಿನಲ್ಲಿ ಮಕ್ಕಳು ಯಾಕೆ ಸುಮ್ಮನಾದರು, ಉಮಾಶಂಕರ್ ಯಾಕೆ ಅವಳ ಮುಖ ನೋಡಿದರು, ಹುಣಸೆಹಣ್ಣಿನ ಮಾತಿಗೆ ಅಮ್ಮ ಯಾಕೆ ಗೋಡೆ ಹಿಡಿದು ಕೂತಳು ಎನ್ನುವುದೆಲ್ಲ ಈಗ ಒಟ್ಟಿಗೇ ಬಂದು ಅವಳ ಮುಂದೆ ನಿಂತಿತು. ಮರಗಟ್ಟಿದ್ದ ಕೆನ್ನೆಗೆ ಜೀವ ಬರುವಾಗ ಮೊದಲು ನೋವೇ ಬರುತ್ತದೆ. ಅವಳ ಕೈ ತಾನಾಗಿ ಮೇಲೆದ್ದು, ಎದುರಿಗೆ ಯಾವ ಮಗುವೂ ಇಲ್ಲದ್ದರಿಂದ, ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಅಂತಿದ್ದ," ಎಂದಳು ಗಂಗಾಲಕ್ಷ್ಮಿ. "ಅಂತಿದ್ದ ಅಂತ ಹಾಕಮ್ಮ. ಕೇಳ್ತಿದ್ದ. ಎತ್ತಿ ಕೂರಿಸ್ಕೋತಿದ್ದ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಎದುರಿನವರು ಕಾಣದಾದರು.

ಹುಡುಗಿ ಮೂರನ್ನೂ ತಿದ್ದಿ, ಮುಂದಿನ ವಾಕ್ಯಕ್ಕೆ ಕಾದಳು. ಬಹಳ ಹೊತ್ತು ಕಾದಳು.